ಕ್ರೋಶಾಕ್ಕೆ ಮೂರು ಗಂಟೆ ಕೂರುವವರಿಗೆ ಕುಕ್ಕರ್ ಯಾಕೆ ಮರೆತುಹೋಗುತ್ತದೆ?

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯಲ್ಲಿದ್ದೇವೆ. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಐದು ತಿಂಗಳ ಹಿಂದೆ ಮನೋವೈದ್ಯರೊಬ್ಬರು ಎರಡು ಸಲ ಕೂರಿಸಿ ಮಾತಾಡಿಸಿ, ನನಗೆ ಎಡಿಎಚ್‌ಡಿ (ಗಮನದ ಮೇಲೆ ಹಿಡಿತ ತಪ್ಪುವ ತೊಂದರೆ) ಇದೆ ಎಂದರು. ಮೀಥೈಲ್‌ಫೆನಿಡೇಟ್ ಮಾತ್ರೆ ಬರೆದುಕೊಟ್ಟರು. ಆ ಚೀಟಿ ಇನ್ನೂ ಪರ್ಸ್‌ನಲ್ಲೇ ಇದೆ, ತೆಗೆದುಕೊಳ್ಳಲು ಭಯ. ನನಗೆ ಕ್ರೋಶಾ ಅಂದರೆ ಪ್ರಾಣ. ಕೂತರೆ ಮೂರು ಗಂಟೆ ಏಳುವುದಿಲ್ಲ, ಊಟವನ್ನೂ ಮರೆಯುತ್ತೇನೆ. ಆದರೆ ಅಡುಗೆಮನೆಗೆ ಹೋದರೆ ಏನಾದರೊಂದು ಅನಾಹುತ. ವಾರಕ್ಕೆ ಎರಡು ಸಲ ಹಾಲು ಉಕ್ಕುತ್ತದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗದೆ ಎರಡು ಸಲ ಹಾಕುತ್ತೇನೆ. ಕಳೆದ ತಿಂಗಳು ಬೇಳೆ ಇಟ್ಟು ಮರೆತು, ಕುಕ್ಕರ್‌ನ ನೀರೆಲ್ಲ ಆರಿ ಸೇಫ್ಟಿ ವಾಲ್ವ್ ಹೋಯಿತು. ‘ಕ್ರೋಶಾ ಹಾಕೋಕೆ ಇರೋ ಗಮನ ಒಲೆ ಮುಂದೆ ಯಾಕಿಲ್ಲ? ಇದು ಕಾಯಿಲೆ ಅಲ್ಲ, ಅಸಡ್ಡೆ’ ಅನ್ನುತ್ತಾರೆ ಅತ್ತೆ. ಮೊಬೈಲ್ ಜಾಸ್ತಿಯಾಗಿ ಹೀಗಾಗಿದೆ ಅನ್ನುತ್ತಾರೆ ನಮ್ಮ ಯಜಮಾನರು. ಇತ್ತ ಕ್ರೋಶಾವೂ ಪೂರ್ತಿಯಾಗುವುದಿಲ್ಲ. ಬೀರುವಿನಲ್ಲಿ ಹನ್ನೊಂದು ಅರ್ಧಂಬರ್ಧ ಕೆಲಸಗಳಿವೆ. ಅವನ್ನು ಕಂಡರೆ ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನಿಸುತ್ತದೆ. ನನಗೆ ನಿಜವಾಗಿಯೂ ಎಡಿಎಚ್‌ಡಿ ಇದೆಯಾ? ಮಾತ್ರೆ ಇಲ್ಲದೆ ಕ್ರೋಶಾದಿಂದಲೇ ಸರಿಮಾಡಿಕೊಳ್ಳಬಹುದಾ? 9 ವರ್ಷದ ಮಗನೂ ನನ್ನ ಹಾಗೇ ಇದ್ದಾನೆ. ಅವನಿಗೂ ಬಂದಿದೆಯಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮೊದಲು ತಡೆದು ನಿಂತದ್ದು ಕುಕ್ಕರ್‌ನ ಸಾಲಿನಲ್ಲಿ. ಉಳಿದ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಮೊದಲು ಒಲೆಯ ವಿಷಯ ಮುಗಿಸೋಣ.

ನೀರು ಆರಿದಾಗ ವಾಲ್ವ್ ಹೋಯಿತು ಅಂದರೆ ಅದು ತನ್ನ ಕೆಲಸ ಮಾಡಿತು. ಶಾಖ ಮಿತಿಮೀರಿದಾಗ ಅದರೊಳಗಿನ ಲೋಹ ಕರಗಿ ಆವಿಯನ್ನು ಹೊರಗೆ ಬಿಡುತ್ತದೆ. ಹೊಸದನ್ನು ಅದೇ ಕಂಪನಿಯದ್ದೇ ಹಾಕಿಸಿ, ಗ್ಯಾಸ್ಕೆಟ್ಟನ್ನೂ ನೋಡಿಸಿ. ಹಾಲು ಉಕ್ಕುವುದು ಇದಕ್ಕಿಂತ ಚಿಕ್ಕ ವಿಷಯ ಅನಿಸಬಹುದು. ಅಲ್ಲ. ಉಕ್ಕಿದ ಹಾಲು ಉರಿಯನ್ನು ಆರಿಸಿಬಿಟ್ಟರೆ ಗ್ಯಾಸ್ ಮಾತ್ರ ಹಾಗೇ ಬರುತ್ತಿರುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಲೈಟ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಹೊರಗಿನಿಂದ 1906ಕ್ಕೆ ಫೋನ್ ಮಾಡಿ, ಅದು ಗ್ಯಾಸ್ ಸೋರಿಕೆಗೆಂದೇ ಇರುವ ಸಹಾಯವಾಣಿ.

ನನ್ನ ಮೊದಲ ಸಲಹೆ ಒಂದು ಇಂಡಕ್ಷನ್ ಒಲೆ. ಟೈಮರ್ ಇರುವಂಥದ್ದು. ಹಾಲು ಮತ್ತು ಬೇಳೆ ಇವೆರಡೂ ಇನ್ನು ಮುಂದೆ ಅದರ ಮೇಲೇ ಆಗಲಿ. ಸಮಯ ಮುಗಿದರೆ ಅದು ತಾನೇ ಆರುತ್ತದೆ, ನೀವು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಹಳೆಯ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ನಡೆಯುವುದಿಲ್ಲ. ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ತಂದು ಪಾತ್ರೆಯ ತಳಕ್ಕೆ ಹಿಡಿಯಿರಿ. ಅಂಟಿದರೆ ಆ ಪಾತ್ರೆ ಆಗುತ್ತದೆ. ನೀರು ತುಂಬಿಸಿ ಇಡುವ, ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಕೂಡ ಒಳ್ಳೆಯದೇ. ಅದರಲ್ಲಿ ಹಾಲು ಉಕ್ಕುವುದಿಲ್ಲ. ಆದರೆ ಸೀಟಿ ಕೇಳಿ ಎದ್ದು ಹೋಗಿ ಆರಿಸುವ ಕೆಲಸ ನಿಮಗೇ ಉಳಿಯುತ್ತದೆ. ಹಾಗಾಗಿ ನಿಮ್ಮ ಮಟ್ಟಿಗೆ ತಾನೇ ಆರುವ ಒಲೆಯೇ ಮೇಲು. ಮಾತ್ರೆಯ ಬಗ್ಗೆ ಏನೇ ತೀರ್ಮಾನ ಮಾಡಿದರೂ ಇದನ್ನು ಈ ವಾರವೇ ಮಾಡಿ.

ಈಗ ಅತ್ತೆಯವರ ಪ್ರಶ್ನೆ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಬರುವ ಹೆಚ್ಚಿನ ಮನೆಯವರು ಇದನ್ನೇ ಕೇಳುತ್ತಾರೆ. ಒಂದರಲ್ಲಿ ಇಷ್ಟೊಂದು ಗಮನ ಇದ್ದರೆ ಇನ್ನೊಂದರಲ್ಲಿ ಯಾಕಿಲ್ಲ? ಬೇಕೆಂದೇ ಮಾಡುತ್ತಿದ್ದಾಳೆ ಅನ್ನುವ ಅನುಮಾನ ಹುಟ್ಟುವುದು ಇಲ್ಲೇ.

ತಪ್ಪು ತಿಳಿವಳಿಕೆಗೆ ಆ ಹೆಸರೂ ಒಂದು ಕಾರಣ. ಎಡಿಎಚ್‌ಡಿ ಅಂದರೆ ಗಮನದ ಕೊರತೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಆದರೆ ಕೊರತೆ ಇರುವುದು ಗಮನದಲ್ಲಿ ಅಲ್ಲ, ಅದನ್ನು ಬೇಕಾದ ಕಡೆ ತಿರುಗಿಸುವ, ಬೇಕಾದಾಗ ಬಿಡಿಸಿಕೊಳ್ಳುವ ಹಿಡಿತದಲ್ಲಿ. ಇಷ್ಟವಾದದ್ದು, ಹೊಸದು, ಕೈಗೆ ತಕ್ಷಣ ಫಲ ಕೊಡುವಂಥದ್ದು ಸಿಕ್ಕರೆ ಗಮನ ಅಲ್ಲಿಗೇ ಅಂಟಿಕೊಳ್ಳುತ್ತದೆ, ಬಿಡಿಸಲು ಆಗುವುದಿಲ್ಲ. ನೀವು ಊಟ ಮರೆತು ಕ್ರೋಶಾ ಹಾಕುವುದು ಅದೇ. ಹಾಲು ಮರೆಯುವುದಕ್ಕೂ ಊಟ ಮರೆಯುವುದಕ್ಕೂ ಬೇರು ಒಂದೇ. ಅತ್ತೆಯವರು ಯಾವುದನ್ನು ಕಾಯಿಲೆ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಂದುಕೊಂಡಿದ್ದಾರೋ ಅದು ನನ್ನಂಥ ವೈದ್ಯರ ಕಣ್ಣಿಗೆ ಇದೆ ಅನ್ನುವ ಕಡೆಗೇ ಬೊಟ್ಟು ಮಾಡುತ್ತದೆ.

ಇನ್ನೂ ಒಂದು ಮಾತಿದೆ. ಎಷ್ಟೋ ವರ್ಷದಿಂದ ಇದನ್ನು ರೋಗಿಗಳಿಗೆ ಹೇಳುತ್ತಿದ್ದೇನೆ. ಕ್ರೋಶಾ ಹಾಕುವ ನಿಮಗೆ ಇದು ಬೇಗ ಅರ್ಥವಾದೀತು.

ಕ್ರೋಶಾದಲ್ಲಿ ಕಡ್ಡಿಯ ಮೇಲೆ ತೆರೆದ ಕುಣಿಕೆ ಸಾಮಾನ್ಯವಾಗಿ ಒಂದೇ. ಸ್ವೆಟರ್ ಹೆಣೆಯುವ ಕಡ್ಡಿಯಲ್ಲಾದರೆ ಇಡೀ ಸಾಲಿನ ಕುಣಿಕೆಗಳೆಲ್ಲ ತೆರೆದೇ ಇರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚುತ್ತಾ ಹೋಗುತ್ತದೆ. ಕ್ರೋಶಾ ಹಾಗಲ್ಲ. ಹಿಂದೆ ಹಾಕಿದ್ದೆಲ್ಲ ಗಂಟು ಬಿದ್ದು ಕೂತಿದೆ. ಎಲ್ಲಿಯವರೆಗೆ ಬಂದೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಮುಂದೆ ಏನು ಅನ್ನುವುದು ಬೆರಳಿನಲ್ಲಿದೆ. ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ತೀರಾ ಕಡಿಮೆ. ನೆನಪಿನ ಕೆಲಸವನ್ನು ನೂಲೇ ಮಾಡುತ್ತದೆ.

ಈಗ ಒಂದು ಸಾದಾ ಅನ್ನ ಸಾರು ನೋಡಿ. ಕುಕ್ಕರ್ ಸೀಟಿ ಎಣಿಸಬೇಕು. ಹುಣಸೆಹಣ್ಣು ನೆನೆಯಲು ಹಾಕಿದ್ದು ನೆನಪಿರಬೇಕು. ಟೊಮೆಟೊ ಅರ್ಧ ಹೆಚ್ಚಿದೆ. ಉಪ್ಪು ಹಾಕಿದೆನೋ ಇಲ್ಲವೋ ನೋಡಿದರೆ ಕಾಣುವುದಿಲ್ಲ, ಕರಗಿಬಿಟ್ಟಿರುತ್ತದೆ. ಒಗ್ಗರಣೆಗೆ ಎಣ್ಣೆ ಕಾಯುತ್ತಿದೆ. ಅಷ್ಟರಲ್ಲಿ ಬಾಗಿಲ ಬೆಲ್, ಟ್ಯೂಷನ್ ಹುಡುಗ ಬೇಗ ಬಂದಿದ್ದಾನೆ. ಬಾಗಿಲು ತೆಗೆದು ಅವನನ್ನು ಕೂರಿಸಿ, ನಿನ್ನೆಯ ಲೆಕ್ಕ ಮಾಡಿದೆಯಾ ಅಂತ ಕೇಳುವಷ್ಟರಲ್ಲಿ ಅಡುಗೆಮನೆ ನಿಮ್ಮ ತಲೆಯಿಂದ ಪೂರ್ತಿ ಅಳಿಸಿಹೋಗಿರುತ್ತದೆ. ಇಲ್ಲಿ ಒಂದಲ್ಲ, ಐದು ಕುಣಿಕೆ ತೆರೆದಿದ್ದವು. ಅಷ್ಟನ್ನೂ ಹಿಡಿದಿಡಬೇಕಾದ್ದು ನಿಮ್ಮ ತಲೆ ಮಾತ್ರ.

ಈ ತಾತ್ಕಾಲಿಕ ನೆನಪನ್ನು ನಾವು ವರ್ಕಿಂಗ್ ಮೆಮೊರಿ ಎನ್ನುತ್ತೇವೆ. ಕೆಲಸ ಮುಗಿಯುವವರೆಗೆ ನಾಲ್ಕು ವಿಷಯ ಕೈಯಲ್ಲಿ ಹಿಡಿದಿರುವ ಶಕ್ತಿ ಅದು. ಎಡಿಎಚ್‌ಡಿ ಇರುವ ತುಂಬಾ ಜನರಲ್ಲಿ ಈ ಹಿಡಿತ ಸಡಿಲ. ಇದರ ಜೊತೆಗೆ ಸಮಯದ ಅಂದಾಜೂ ತಪ್ಪುತ್ತದೆ. ಐದು ನಿಮಿಷ, ಇಪ್ಪತ್ತೈದು ನಿಮಿಷ ಒಳಗೆ ಒಂದೇ ಥರ ಅನಿಸುತ್ತವೆ. ಈಗಷ್ಟೇ ಹಾಲು ಇಟ್ಟೆ ಅಂತ ನೀವು ಹೇಳುವುದು ಸುಳ್ಳಲ್ಲ. ನಿಮಗೆ ಹಾಗೆಯೇ ಅನಿಸಿರುತ್ತದೆ. ಮೆದುಳಿನ ಮುಂಭಾಗ ಮತ್ತು ಅದಕ್ಕೆ ಸೇರಿದ ಜಾಲಗಳು ಕೆಲಸ ಮಾಡುವ ರೀತಿ, ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಏರುಪೇರು ಇದರ ಹಿಂದಿವೆ. ಬುದ್ಧಿ ಕಡಿಮೆ ಎಂದಾಗಲಿ, ಸಂಸ್ಕಾರ ಸಾಲದು ಎಂದಾಗಲಿ ಇದರ ಅರ್ಥವಲ್ಲ.

ಮೊಬೈಲ್ ವಿಷಯಕ್ಕೆ ಬರೋಣ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ ಒಂದೇ ವಿಷಯದ ಮೇಲೆ ಗಮನ ನಿಲ್ಲಿಸಲಾಗದವರ ಬಗ್ಗೆ ಬರೆದದ್ದು 1798ರಲ್ಲಿ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಹಾಗಂತ ನಿಮ್ಮ ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡಿದರೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮರುದಿನ ಮರೆವು ದುಪ್ಪಟ್ಟಾಗುತ್ತದೆ. ಮೊಬೈಲ್ ಇದನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಕೆರಳಿಸುತ್ತದೆ.

ನಿಮಗೆ ನಿಜವಾಗಿ ಇದೆಯಾ ಅಂತ ಪತ್ರ ಓದಿ ನಾನು ಹೇಳಲಾರೆ, ಹೇಳಲೂಬಾರದು. ಆದರೆ ನಿಮ್ಮ ವೈದ್ಯರು ಸರಿಯಾಗಿ ನೋಡಿದ್ದಾರೆಯೇ ಅಂತ ನೀವೇ ಪರೀಕ್ಷಿಸಿಕೊಳ್ಳಬಹುದು. 12 ವರ್ಷಕ್ಕಿಂತ ಮುಂಚೆ ಹೇಗಿದ್ದಿರಿ ಅಂತ ಕೇಳಿದರೇ? ಇದು 36ಕ್ಕೆ ಇದ್ದಕ್ಕಿದ್ದಂತೆ ಬರುವಂಥದ್ದಲ್ಲ. ಬೇರು ಬಾಲ್ಯದಲ್ಲೇ ಇರಬೇಕು. ಮನೆಯಲ್ಲಿ ಮಾತ್ರವೋ, ಓದಿನಲ್ಲಿ, ಕೆಲಸದಲ್ಲೂ ಇತ್ತೋ ಅಂತ ವಿಚಾರಿಸಿದರೇ? ಹೆಣ್ಣುಮಕ್ಕಳಲ್ಲಿ ಇದು ತಪ್ಪಿಸಿಕೊಳ್ಳುವುದೇ ಹೆಚ್ಚು. ಬೆಂಚಿನ ಮೇಲೆ ಕುಣಿಯುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯ ಹೊರಗೆ ನೋಡುತ್ತಾ ಕೂರುವ ಹುಡುಗಿಯನ್ನು ‘ಪಾಪ, ಸುಮ್ನೆ ಇರ್ತಾಳೆ’ ಅಂದುಬಿಡುತ್ತಾರೆ. ತಾಯಿಮನೆಯಲ್ಲಿ ಹಳೆಯ ಪ್ರೋಗ್ರೆಸ್ ಕಾರ್ಡ್ ಇದ್ದರೆ ಹುಡುಕಿಸಿ. ‘ಬುದ್ಧಿ ಇದೆ, ಗಮನ ಸಾಲದು’ ಅನ್ನುವಂಥ ಷರಾ ಎಷ್ಟೋ ಸಲ ಅಲ್ಲೇ ಕಾದಿರುತ್ತದೆ.

ರಕ್ತ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಥೈರಾಯ್ಡ್, ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ಬಿ12. ಇವುಗಳಲ್ಲಿ ಯಾವುದು ಕಡಿಮೆಯಾದರೂ ತಲೆ ಮಂಕಾಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಿಮಗೂ ಗೊತ್ತಲ್ವಾ? ಆತಂಕ, ಖಿನ್ನತೆಯಲ್ಲೂ ಮರೆವು ಬರುತ್ತದೆ. ‘ಯಾವುದಕ್ಕೂ ಲಾಯಕ್ಕಿಲ್ಲ’ ಅಂತ ನೀವು ಬರೆದದ್ದನ್ನು ನಾನು ಸುಮ್ಮನೆ ದಾಟಿಹೋಗಲಾರೆ. ಇಷ್ಟು ವರ್ಷ ಅಸಡ್ಡೆ, ಸೋಮಾರಿ ಅನ್ನಿಸಿಕೊಂಡವರ ಮನಸ್ಸಿನಲ್ಲಿ ಆ ಮಾತು ಕೊನೆಗೆ ತನ್ನದೇ ದನಿಯಾಗಿಬಿಡುತ್ತದೆ. ಆ ಭಾವನೆ ದಿನವಿಡೀ ಇದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಬದುಕಿ ಏನು ಪ್ರಯೋಜನ ಅನ್ನುವಲ್ಲಿಗೆ ಹೋದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು, ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಉಚಿತ. ಕನ್ನಡದಲ್ಲೇ ಮಾತಾಡುತ್ತಾರೆ.

ಕ್ರೋಶಾವೇ ಔಷಧಿ ಆಗಬಹುದಾ ಅಂತ ಕೇಳಿದ್ದೀರಿ. ಆಸ್ಟ್ರೇಲಿಯಾದ ವುಲ್ಲೊಂಗಾಂಗ್ ವಿಶ್ವವಿದ್ಯಾಲಯದವರು ಕೆಲವು ವರ್ಷದ ಹಿಂದೆ ಕ್ರೋಶಾ ಹಾಕುವ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ನೋಡಿದ್ದರು. ಅದರಿಂದ ಮನಸ್ಸು ಶಾಂತವಾಗುತ್ತದೆ ಅಂತ ಹತ್ತರಲ್ಲಿ ಒಂಬತ್ತು ಜನರ ಹಾಗೆ ಹೇಳಿದರು. ಒಳ್ಳೆಯ ಸುದ್ದಿಯೇ. ಆದರೆ ಉತ್ತರ ಕೊಟ್ಟವರೆಲ್ಲ ಮೊದಲೇ ಕ್ರೋಶಾ ಇಷ್ಟಪಡುವವರು. ಜೊತೆಗೆ, ಮನಸ್ಸು ಶಾಂತವಾಗುವುದೂ ಎಡಿಎಚ್‌ಡಿ ವಾಸಿಯಾಗುವುದೂ ಬೇರೆ ಬೇರೆ. ಕ್ರೋಶಾ ಹಾಕಿದ್ದರಿಂದ ಹಾಲು ಮರೆಯುವುದು ನಿಂತಿತು ಅನ್ನುವವರನ್ನು ನಾನು ಇನ್ನೂ ಕಂಡಿಲ್ಲ. ಕೈಗೆ ಕೆಲಸ ಇದ್ದರೆ ಕಿವಿ ಚೆನ್ನಾಗಿ ಕೇಳುತ್ತದೆ ಅನ್ನುವವರನ್ನು ಮಾತ್ರ ತುಂಬಾ ಕಂಡಿದ್ದೇನೆ. ಪೋಷಕರ ಸಭೆ, ಉದ್ದನೆಯ ಫೋನ್ ಮಾತು, ಪ್ರವಚನ, ಇಂಥ ಕಡೆ ಸರಳವಾದ ಒಂದೇ ಥರದ ಸಾಲು ಹಾಕುತ್ತಾ ಕೂತರೆ ಕೆಲವರಿಗೆ ಕೇಳಿದ್ದು ತಲೆಗೆ ಹತ್ತುತ್ತದೆ. ಎಣಿಸಬೇಕಾದ ಡಿಸೈನ್ ಮಾತ್ರ ಅಲ್ಲಿ ಬೇಡ. ಎಣಿಕೆ ಶುರುವಾದರೆ ಮಾತು ಹೋಯಿತು.

ಆದ್ದರಿಂದ ಕ್ರೋಶಾ ಬಿಡಬೇಡಿ. ಅದನ್ನು ಅಪರಾಧ ಮಾಡಿದ ಹಾಗೆ ಬಚ್ಚಿಟ್ಟುಕೊಂಡು ಹಾಕುವುದೂ ಬೇಡ. ಆದರೆ ಒಲೆ ಉರಿಯುವಾಗ ಕಡ್ಡಿ ಕೈಗೆ ಬರಬಾರದು. ‘ಬೇಳೆ ಬೇಯುವಷ್ಟರಲ್ಲಿ ಎರಡು ಸಾಲು’ ಅನ್ನುವ ಆಸೆಯೇ ನಿಮ್ಮ ವಾಲ್ವ್ ಕರಗಿಸಿದ್ದಿರಬಹುದು.

ಹನ್ನೊಂದು ಅರ್ಧಂಬರ್ಧ ಕೆಲಸಗಳನ್ನು ಮುಂದಿಟ್ಟುಕೊಂಡು ಒಂದು ಮಧ್ಯಾಹ್ನ ಕೂರಿ. ಯಾವುದನ್ನು ನೋಡಿದರೆ ಇನ್ನೂ ಕೈ ತುರಿಸುತ್ತದೆಯೋ ಅಂಥ ಎರಡನ್ನು ಮಾತ್ರ ಹೊರಗಿಡಿ. ಮಿಕ್ಕವುಗಳಿಂದ ಕಡ್ಡಿ ತೆಗೆದು, ತೆರೆದ ಕುಣಿಕೆಗೆ ಒಂದೊಂದು ಪಿನ್ನು ಚುಚ್ಚಿ, ಕವರಿಗೆ ಹಾಕಿ. ಬಿಚ್ಚಿ ನೂಲು ಮತ್ತೆ ಬಳಸಬೇಕೆನಿಸಿದರೆ ಬಿಚ್ಚಿ. ಬಿಚ್ಚುವುದು ಸೋಲು ಅಲ್ಲ, ನೂಲು ವಾಪಸ್ ಬರುತ್ತದೆ. ಪ್ರತಿ ಕವರಿನಲ್ಲೂ ಒಂದು ಚೀಟಿ ಇರಲಿ: ಕಡ್ಡಿಯ ನಂಬರು, ಎಷ್ಟನೇ ಸಾಲು, ಮುಂದೆ ಏನು. ತಿಂಗಳು ಬಿಟ್ಟು ತೆರೆದಾಗ ಎಲ್ಲಿದ್ದೆ ಅಂತ ತಿಳಿಯದೇ ಇರುವುದೇ ಹೆಚ್ಚಿನ ಕೆಲಸ ಶಾಶ್ವತವಾಗಿ ನಿಲ್ಲಲು ಕಾರಣ. ಉದ್ದ ಸಾಲಿನಲ್ಲಿ ಎಣಿಕೆ ತಪ್ಪುತ್ತಿದ್ದರೆ ಪ್ರತಿ ಇಪ್ಪತ್ತಕ್ಕೊಂದು ಪಿನ್ನು ಹಾಕಿ. ತಪ್ಪಿದರೆ ಮೊದಲಿನಿಂದ ಎಣಿಸುವುದು ಬೇಡ, ಹಿಂದಿನ ಪಿನ್ನಿನಿಂದ ಸಾಕು.

ಇಂಟರ್‌ನೆಟ್ ನೋಡಿ ಹಾಕಿದ್ದು ಅಳತೆಗೆ ಬರದೆ ಬಿಟ್ಟಿದ್ದೂ ಇದೆಯೇನೋ. ಹಾಗಿದ್ದರೆ ತಪ್ಪು ನಿಮ್ಮದಲ್ಲದೆಯೂ ಇರಬಹುದು. ಅಮೆರಿಕದವರು ಸಿಂಗಲ್ ಅನ್ನುವ ಹೆಣಿಗೆಯನ್ನು ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಅವರ ಡಬಲ್ ಇವರಿಗೆ ಟ್ರೆಬಲ್. ಹೆಸರು ಒಂದೇ, ಎತ್ತರ ಬೇರೆ. ಗಮನ ಗಟ್ಟಿ ಇರುವವರೂ ಇದರಲ್ಲಿ ಎಡವುತ್ತಾರೆ. ಇನ್ನು ಮುಂದೆ ಬೆಡ್‌ಶೀಟಿನಷ್ಟು ದೊಡ್ಡದನ್ನು ಒಂದೇ ತುಂಡಾಗಿ ಶುರುಮಾಡಬೇಡಿ. ಸಣ್ಣ ಚೌಕಗಳನ್ನು ಹಾಕಿ. ಅರ್ಧ ಗಂಟೆಗೆ ಒಂದು ಮುಗಿಯುತ್ತದೆ, ಮುಗಿಸಿದ ಖುಷಿ ಅಂದೇ ಸಿಗುತ್ತದೆ. ಮುವ್ವತ್ತು ಸೇರಿದರೆ ಆಗ ಜೋಡಿಸಬಹುದು, ಸೇರದಿದ್ದರೂ ನಷ್ಟವಿಲ್ಲ. ಬೇರೆ ಬೇರೆ ಬಣ್ಣದ ಚೌಕವಾದ್ದರಿಂದ ಒಂದೇ ಲಾಟ್ ನಂಬರಿನ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲು ಸಿಗಲಿಲ್ಲ ಅನ್ನುವ ತಲೆನೋವೂ ಇಲ್ಲ. ದಪ್ಪ ಹತ್ತಿ ನೂಲಿನಲ್ಲಿ ಎರಡು ಚೌಕ ಹಾಕಿ ಒಂದರ ಮೇಲೊಂದು ಜೋಡಿಸಿದರೆ ಬಿಸಿ ಪಾತ್ರೆ ಇಳಿಸಲು ಒಳ್ಳೆಯ ಮಸಿಬಟ್ಟೆ ಆಗುತ್ತದೆ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವ ಅಕ್ರಿಲಿಕ್ ನೂಲು ಅದಕ್ಕೆ ಖಂಡಿತ ಬೇಡ, ಬಿಸಿಗೆ ಕರಗಿ ಕೈಗೆ ಅಂಟುತ್ತದೆ.

ಮತ್ತೆ ಅಡುಗೆಮನೆಗೆ. ಅಲ್ಲೂ ಒಂದು ಹೊತ್ತಿಗೆ ಒಂದೇ ಕುಣಿಕೆ ತೆರೆದಿರುವ ಹಾಗೆ ಮಾಡುವುದು ಸಾಧ್ಯ.

ಗ್ಯಾಸ್ ಹಚ್ಚುವ ಮುಂಚೆ ಹೆಚ್ಚುವುದೆಲ್ಲ ಮುಗಿದಿರಲಿ. ಎಣ್ಣೆ ಕಾಯಲು ಇಟ್ಟು ಕರಿಬೇವು ಹುಡುಕುವ ಪದ್ಧತಿ ನಿಮಗೆ ಆಗಿಬರುವುದಿಲ್ಲ. ಆ ಅಡುಗೆಗೆ ಬೇಕಾದ ಉಪ್ಪನ್ನು ಮೊದಲೇ ಒಂದು ಪುಟ್ಟ ಬಟ್ಟಲಿಗೆ ತೆಗೆದಿಡಿ. ಬಟ್ಟಲು ಖಾಲಿ ಇದ್ದರೆ ಹಾಕಿದ್ದೀರಿ, ತುಂಬಿದ್ದರೆ ಹಾಕಿಲ್ಲ. ರುಚಿ ನೋಡಿ ಅನುಮಾನಪಡುವುದೇ ಬೇಡ. ಅಕ್ಕಿಗೊಂದು, ಬೇಳೆಗೊಂದು ಡಬ್ಬಿ ಇಟ್ಟು ಒಂದೇ ಕುಕ್ಕರ್‌ನಲ್ಲಿ ಕೂಗಿಸಿದರೆ ಎಣಿಸಬೇಕಾದ ಸೀಟಿ ಅರ್ಧಕ್ಕೆ ಇಳಿಯಿತು. ಅದು ಆರುವವರೆಗೆ ಬೇರೆ ಏನನ್ನೂ ಹಚ್ಚಬೇಡಿ. ಕುಕ್ಕರ್ ಇಳಿದ ಮೇಲೆ ಸಾರು, ಸಾರು ಕುದಿದ ಮೇಲೆ ಒಗ್ಗರಣೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಉರಿ ಇರುವಾಗ ಅಡುಗೆಮನೆ ಬಿಡಲೇಬೇಕಾಗಿ ಬಂದರೆ ಆರಿಸಿ ಹೋಗಿ. ಆರಿಸಲು ಆಗದಿದ್ದರೆ ಸೌಟನ್ನು ಕೈಯಲ್ಲಿ ಹಿಡಿದೇ ಹೋಗಿ, ಎಲ್ಲೂ ಕೆಳಗಿಡಬೇಡಿ. ಬಾಗಿಲು ತೆಗೆಯುವಾಗಲೂ ಸೌಟು, ಹುಡುಗನ ಲೆಕ್ಕ ನೋಡುವಾಗಲೂ ಸೌಟು. ಕೈಯಲ್ಲಿ ಒದ್ದೆ ಸೌಟು ಇದ್ದರೆ ಒಲೆ ನೆನಪಾಗದೇ ಇರುವುದಿಲ್ಲ. ನನ್ನ ಹತ್ತಿರ ಬರುವ ಒಬ್ಬರು ಮೊದಲು ಸಂಕೋಚಪಟ್ಟರು. ಈಗ ಅವರ ಮನೆಯಲ್ಲಿ ಅಮ್ಮನ ಕೈಯಲ್ಲಿ ಸೌಟು ಇದ್ದರೆ ಮಕ್ಕಳೇ ‘ಒಲೆ ಉರೀತಿದೆ’ ಅಂತ ಕೂಗುತ್ತಾರಂತೆ. ಫೋನಿನ ಅಲಾರಂ ಇಟ್ಟರೆ ಫೋನನ್ನು ಒಲೆಯ ಕಟ್ಟೆಯ ಹತ್ತಿರವೇ ಇಡಿ, ಉರಿಗೆ ತಾಗದ ಹಾಗೆ. ಎದ್ದು ಬಂದು ಒಂದು ಕೈ ಗ್ಯಾಸಿನ ತಿರುಪಿನ ಮೇಲಿಟ್ಟ ನಂತರವೇ ಅಲಾರಂ ನಿಲ್ಲಿಸಬೇಕು. ಕೂತಲ್ಲೇ ನಿಲ್ಲಿಸುವ ಅಲಾರಂ ಇದ್ದೂ ಇಲ್ಲದ ಹಾಗೆ.

ಇದೆಲ್ಲ ಊರುಗೋಲು, ನಾಚಿಕೆ ಅನಿಸುತ್ತದೆಯೇ? ನಮ್ಮ ಅಜ್ಜಿಯಂದಿರು ನೆನಪಿಗೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಹಾಲಿನ ಲೆಕ್ಕ ಗೋಡೆಯ ಮೇಲೆ ಗೀಟಾಗಿ ಇರುತ್ತಿತ್ತು. ಅವರನ್ನು ಯಾರೂ ಅಸಡ್ಡೆಯವರು ಅನ್ನಲಿಲ್ಲ. ನಿಮಗೆ ಬೇಕಾದ ಗಂಟುಗಳು ಸ್ವಲ್ಪ ಜಾಸ್ತಿ, ಅಷ್ಟೇ.

ಅಡುಗೆಯ ಪಟ್ಟಿಯನ್ನೂ ಚಿಕ್ಕದು ಮಾಡಿ. ಏನು ಮಾಡಲಿ ಅನ್ನುವ ತೀರ್ಮಾನಕ್ಕೇ ನಿಮ್ಮ ಅರ್ಧ ಶಕ್ತಿ ಹೋಗುತ್ತಿರುತ್ತದೆ. ವಾರಕ್ಕೆ ಐದೇ ರಾತ್ರಿಯೂಟ ಗೊತ್ತುಮಾಡಿ: ಅನ್ನ ಸಾರು, ಕುಕ್ಕರ್ ಪಲಾವ್, ಹೆಸರುಬೇಳೆ ಪೊಂಗಲ್, ಚಪಾತಿ ಜೊತೆ ಒಂದು ಪಲ್ಯ, ಉಪ್ಪಿಟ್ಟು. ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಮುಂದಿನ ವಾರವೂ ಅದೇ. ರೊಟ್ಟಿ ಕೊಳ್ಳಲು ಸಿಗುತ್ತಿದ್ದರೆ ಕೊಳ್ಳಿ. ತೀರಾ ಸಾಕಾದ ದಿನಕ್ಕೆ ಅವಲಕ್ಕಿ ಮೊಸರು, ಉಪ್ಪಿನಕಾಯಿ ಇದೆ. ಅದೂ ಊಟವೇ. ಒಲೆ ಹಚ್ಚದ ಊಟ ಅನ್ನುವುದು ನಿಮ್ಮ ಪಾಲಿಗೆ ಒಂದು ಗುಣ.

ಇನ್ನು ಪರ್ಸಿನಲ್ಲಿರುವ ಚೀಟಿ. ಮೀಥೈಲ್‌ಫೆನಿಡೇಟ್ ಹೊಸ ಔಷಧಿ ಅಲ್ಲ, 1944ರಲ್ಲೇ ತಯಾರಾದದ್ದು. ಡೋಪಮಿನ್, ನಾರ್‌ಅಡ್ರಿನಲಿನ್ ಬೇಗ ವಾಪಸ್ ಹೀರಿಹೋಗದಂತೆ ತಡೆಯುತ್ತದೆ. ಸರಿಯಾಗಿ ಗುರುತಿಸಿ, ಸರಿಯಾದ ಪ್ರಮಾಣ ಕೊಟ್ಟರೆ ಹೆಚ್ಚಿನವರಿಗೆ ಉಪಯೋಗವಾಗುತ್ತದೆ. ಚಟ ಆಗುತ್ತದಾ ಅನ್ನುವ ಭಯ ನಿಮ್ಮದಿರಬೇಕು. ದುರುಪಯೋಗ ಸಾಧ್ಯ ಅನ್ನುವ ಕಾರಣಕ್ಕೇ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಇದರ ಮಾರಾಟಕ್ಕೆ ಕಟ್ಟುನಿಟ್ಟಿದೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ನುಂಗುವವರಲ್ಲಿ ಚಟ ಹತ್ತಿದ್ದನ್ನು ನನ್ನ ಅನುಭವದಲ್ಲಿ ಕಂಡದ್ದು ಅಪರೂಪ. ತೊಂದರೆಗಳಿಲ್ಲವೇ? ಇವೆ. ಹಸಿವು ಕಡಿಮೆಯಾಗುತ್ತದೆ, ನಿದ್ದೆ ತಡವಾಗಬಹುದು, ಎದೆ ಬಡಿತ, ಬಿಪಿ ಸ್ವಲ್ಪ ಏರಬಹುದು, ಕೆಲವರಿಗೆ ಆತಂಕ ಹೆಚ್ಚಾಗುತ್ತದೆ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಇದ್ದರೆ, ಬಸುರಿಯಾಗುವ ಯೋಚನೆ ಇದ್ದರೆ ಮುಂಚೆಯೇ ವೈದ್ಯರಿಗೆ ಹೇಳಲೇಬೇಕು. ಚೀಟಿ ಐದು ತಿಂಗಳು ಹಳೆಯದು. ಅದನ್ನೇ ಅಂಗಡಿಗೆ ಒಯ್ಯಬೇಡಿ, ಮತ್ತೊಮ್ಮೆ ಭೇಟಿಯಾಗಿ ಬಿಪಿ ನೋಡಿಸಿಕೊಂಡು ಶುರುಮಾಡಿ.

ಅಡುಗೆಗೆ ಸಂಬಂಧಪಟ್ಟ ಒಂದು ವಿಷಯವನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಸಾದಾ ಮಾತ್ರೆಯ ಕೆಲಸ ಮೂರು ನಾಲ್ಕು ಗಂಟೆಗೆ ಮುಗಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಒಂದು ನುಂಗಿದರೆ ರಾತ್ರಿ ಏಳಕ್ಕೆ ಒಲೆ ಮುಂದೆ ನಿಂತಾಗ ಅದರ ಬಲ ಇರುವುದಿಲ್ಲ. ದೀರ್ಘಕಾಲ ಕೆಲಸ ಮಾಡುವ ಮಾತ್ರೆಯೂ ಇದೆ. ಯಾವುದು, ಎಷ್ಟು ಹೊತ್ತಿಗೆ ಅಂತ ಕೇಳುವಾಗ ‘ನನ್ನ ಕಷ್ಟದ ಹೊತ್ತು ಸಂಜೆ ಏಳರಿಂದ ಒಂಬತ್ತು’ ಅಂತ ಸ್ಪಷ್ಟವಾಗಿ ಹೇಳಿ. ಅದಿಲ್ಲದಿದ್ದರೂ ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಹಿಟ್ಟು ಕಲಸುವುದನ್ನು ಬೆಳಿಗ್ಗೆಯೇ ಮುಗಿಸಿ ಫ್ರಿಜ್ಜಿನಲ್ಲಿಡಿ. ಹಸಿವು ಸಾಯುವುದರಿಂದ ತಿಂಡಿ ತಿಂದ ಮೇಲೇ ಮಾತ್ರೆ. ಮಧ್ಯಾಹ್ನ ಹಸಿವಾಗದಿದ್ದರೂ ಗಡಿಯಾರ ನೋಡಿ ಒಂದಿಷ್ಟು ಮೊಸರನ್ನ ತಿನ್ನಿ. ಕ್ರೋಶಾ ಮತ್ತು ಮಾತ್ರೆ ಎರಡೂ ಸೇರಿದರೆ ಊಟ ಪೂರ್ತಿ ಮರೆತುಹೋಗುವ ಅಪಾಯ ನಿಮಗೆ ಜಾಸ್ತಿ.

ಮೀಥೈಲ್‌ಫೆನಿಡೇಟ್ ಬೇಡವೇ ಬೇಡ ಅನಿಸಿದರೆ ಅಟೊಮಾಕ್ಸೆಟಿನ್ ಇದೆ. ಅದು ಆ ದಿನವೇ ಕೆಲಸ ಮಾಡುವುದಿಲ್ಲ, ಕೆಲವು ವಾರ ಕಾಯಬೇಕು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಶುರುವಿನಲ್ಲಿ ಸಾಮಾನ್ಯ. ಮನಸ್ಸು ಮಂಕಾದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಎಡಿಎಚ್‌ಡಿಗೆಂದೇ ರೂಪಿಸಿದ ಆಪ್ತಸಮಾಲೋಚನೆ, ಸಿಬಿಟಿ ಅನ್ನುತ್ತಾರಲ್ಲ, ಅದು ದಿನಚರಿ ಕಟ್ಟಿಕೊಳ್ಳಲು, ‘ಲಾಯಕ್ಕಿಲ್ಲ’ ಅನ್ನುವ ಮಾತನ್ನು ಎದುರಿಸಲು ಚೆನ್ನಾಗಿ ನೆರವಾಗುತ್ತದೆ. ಮಾತ್ರೆಯೇ ಬೇಡ ಅಂತ ತೀರ್ಮಾನಿಸುವ ಹಕ್ಕೂ ನಿಮಗಿದೆ. ಆಗ ಮೇಲೆ ಹೇಳಿದ ಏರ್ಪಾಡುಗಳ ಮೇಲೇ ಪೂರ್ತಿ ಭಾರ ಬೀಳುತ್ತದೆ, ಅವು ಒಂದು ದಿನವೂ ತಪ್ಪಬಾರದು. ಅದು ಸುಲಭವಲ್ಲ ಅಂತ ಮಾತ್ರ ಹೇಳಬಲ್ಲೆ. ನೆಂಟರು ಯಾರಾದರೂ ಒಂದೆಲಗ ತಿನ್ನು ಅಂದರೆ ತಂಬುಳಿ ಮಾಡಿ ಸಂತೋಷವಾಗಿ ಉಣ್ಣಿ. ಅದು ಅನ್ನಕ್ಕೆ ರುಚಿ. ಈ ತೊಂದರೆಗೆ ಔಷಧಿ ಅಂತ ನೆಚ್ಚಿಕೊಂಡು ಚಿಕಿತ್ಸೆ ಮುಂದೂಡಬೇಡಿ.

ಮನೆಯವರ ಹತ್ತಿರ ಏನು ಹೇಳುವುದು? ಮೆದುಳು, ಡೋಪಮಿನ್ ಅಂತ ಪಾಠ ಮಾಡಿದರೆ ಅತ್ತೆಯವರಿಗೆ ನೆಪ ಅನಿಸಬಹುದು. ‘ಅತ್ತೆ, ನನಗೆ ನೆನಪು ನಿಲ್ಲಲ್ಲ. ಅದಕ್ಕೇ ಈ ಒಲೆ ತಂದಿದೀನಿ, ಈ ಬಟ್ಟಲು ಇಟ್ಟಿದೀನಿ. ನೀವು ಬೈಯೋ ಬದಲು ಸೀಟಿ ಕೇಳಿದ್ರೆ ನನ್ನನ್ನ ಕೂಗಿ’ ಅನ್ನಿ. ಮಾಡಲು ಒಂದು ಕೆಲಸ ಸಿಕ್ಕರೆ ಹಿರಿಯರ ಸಿಟ್ಟು ಎಷ್ಟೋ ಇಳಿಯುತ್ತದೆ. ಯಜಮಾನರಿಗೂ ಒಂದು ಮಾತು ಹೇಳಬೇಕು. ಉರಿಯುವ ಒಲೆಯ ಮುಂದೆ ಮರೆವು ಇರುವವರನ್ನು ಮೂರು ಹೊತ್ತೂ ಒಂಟಿಯಾಗಿ ನಿಲ್ಲಿಸುವುದು ಸರಿಯಲ್ಲ. ಸಂಜೆಯ ಒಲೆ ಅವರು ನೋಡಿಕೊಂಡು, ಹೆಚ್ಚುವುದು, ಬಡಿಸುವುದು ನೀವು ಮಾಡಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಗಂಡಸರು ಒಲೆ ಮುಟ್ಟಲ್ಲ ಅನ್ನುವ ಕಾರಣಕ್ಕೆ ಒಂದು ಮನೆ ಅಪಾಯದಲ್ಲಿ ಇರಬಾರದು. ಇದನ್ನು ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ.

ಮಗನ ವಿಷಯ. ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ದೊಡ್ಡದು. ಅವಳಿ ಮಕ್ಕಳ ಅಧ್ಯಯನಗಳು ಇದನ್ನು ಶೇ 70ರಿಂದ 80ರಷ್ಟು ಅಂತ ಲೆಕ್ಕ ಹಾಕಿವೆ. ಈ ಅಂಕಿಯನ್ನು ತಪ್ಪು ತಿಳಿಯಬೇಡಿ. ಮಗನಿಗೆ ಬರುವ ಸಾಧ್ಯತೆ ಶೇ 70 ಅಂತ ಇದರ ಅರ್ಥವಲ್ಲ. ಜನರ ನಡುವೆ ಇದರಲ್ಲಿ ಕಾಣುವ ವ್ಯತ್ಯಾಸಕ್ಕೆ ವಂಶವಾಹಿಗಳು ಅಷ್ಟರಮಟ್ಟಿಗೆ ಕಾರಣ ಅಂತ. ಅಮ್ಮನಿಗೆ ಇದ್ದರೆ ಮಗನಿಗೆ ಇರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ ಅನ್ನುವುದು ನಿಜ, ಖಚಿತ ಅಲ್ಲ. ನೀವೇ ಮನೆಯಲ್ಲಿ ಹೆಸರು ಇಡಬೇಡಿ. ಶಾಲೆಯ ಟೀಚರ್ ಹತ್ತಿರ ಹೋಗಿ ತರಗತಿಯಲ್ಲಿ ಅವನು ಹೇಗಿರುತ್ತಾನೆ ಅಂತ ಕೇಳಿ. ಮನೆ, ಶಾಲೆ ಎರಡೂ ಕಡೆ, ಆರು ತಿಂಗಳಿಗಿಂತ ಹೆಚ್ಚು ಕಾಲ ಇದ್ದು, ಅವನ ಓದು, ಗೆಳೆತನಕ್ಕೆ ಅಡ್ಡಿಯಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ಮೊದಲು ಕಣ್ಣು, ಕಿವಿ ಪರೀಕ್ಷೆ. ಬೋರ್ಡು ಕಾಣದ ಮಗುವೂ ಗಮನ ಇಲ್ಲದ ಮಗುವಿನ ಹಾಗೇ ಕಾಣುತ್ತದೆ. ಆಮೇಲೆ ಮಕ್ಕಳ ಮನೋವೈದ್ಯರು. ಹತ್ತಿರದಲ್ಲಿ ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ.

ಮುಂದಿನ ಸಲ ನಿಮ್ಮ ವೈದ್ಯರಲ್ಲಿಗೆ ಹೋಗುವಾಗ ರಕ್ತ ಪರೀಕ್ಷೆಯ ವರದಿ, ಸಿಕ್ಕರೆ ಹಳೆಯ ಪ್ರೋಗ್ರೆಸ್ ಕಾರ್ಡ್, ಮತ್ತು ಎರಡು ವಾರದ ಒಂದು ಪುಟದ ಟಿಪ್ಪಣಿ ಒಯ್ಯಿರಿ. ಯಾವ ಹೊತ್ತಿನಲ್ಲಿ ಏನು ಮರೆತೆ, ಆಗ ಏನು ನಡೆಯುತ್ತಿತ್ತು, ಅಷ್ಟೇ ಬರೆದರೆ ಸಾಕು. ಪೆನ್ನನ್ನು ದಾರ ಕಟ್ಟಿ ಫ್ರಿಜ್ಜಿಗೇ ನೇತುಹಾಕಿ. ಆ ದಾರವನ್ನು ಕ್ರೋಶಾದ ಚೈನ್ ಹಾಕಿ ನೀವೇ ಮಾಡಿಕೊಳ್ಳಬಹುದು.